ತಾಟಿನ ಮ್ಯಾಲಿನ ಹೆಸರು

ನನ್ನ ಅಕ್ಷರ ಮೊದಲಿಂದಲೂ ಚೆಂದ. ಎಲ್ಲಾ ಅಲ್ಲಿಂದಲೇ ಶುರುವಾತು.

ತೊಂಬತ್ತರ ದಶಕದ ಮೊದಮೊದಲಿಗೆ ನಾ ಒಂದು ವಸತಿ ಶಾಲಿಗೆ ಟೀಚರ್ ಆಗಿ ಸೇರಿದೆ. ಆಗ ನನಗ ಇಪ್ಪತ್ಮೂರು ವರ್ಷ. ಶಾಲಿ ಹುಮನಾಬಾದ ಕಡೆ, ಹೆದ್ದಾರಿ ಬಿಟ್ಟು ನಾಕು ಮೈಲಿ ಒಳಗಿತ್ತು. ಲಂಬಾಣಿ ತಾಂಡಾಗಳ ಮಕ್ಕಳಿಗೆ ಅಂತ ತೆರೆದ ಶಾಲಿ. ಅವರ ತಾಯಿ-ತಂದಿ ದೀವಳಿಗಿ ಮುಗಿದ ಕೂಡಲೇ ಕಬ್ಬು ಕಡಿಯಾಕ ಮಹಾರಾಷ್ಟ್ರಕ್ಕ ಹೋದರ ಹೋಳಿ ಹುಣ್ಣಿಮಿ ಹೊತ್ತಿಗೆ ತಿರುಗಿ ಬರೋರು. ಅಲ್ಲೀತನಕ ಮಕ್ಕಳನ್ನ ನಮ್ಮ ಉಡಿಯಾಗ ಹಾಕಿ ಹೋಗೋರು. ಹೌದು, ಹಂಗೇ ಅಂದಿದ್ದಳು ಒಬ್ಬ ತಾಯಿ: 'ನಿಮ್ಮ ಉಡಿಯಾಗ ಹಾಕೇವ್ರಿ ಬಾಯಿ, ನೀವೇ ನೋಡಿಕೋರಿ.' ಆ ಶಾಲಿ ಈಗ ಇಲ್ಲ. ಛಾವಣಿ ತಗಡು ಯಾರೋ ಬಿಚ್ಚಿಕೊಂಡು ಹೋಗ್ಯಾರ.

ಮೊದಲನೇ ದಿನ ಹೆಡ್‌ಮಾಸ್ತರರು ದಾಖಲಾತಿ ಪುಸ್ತಕ ನನ್ನ ಮುಂದ ಇಟ್ಟರು. ಅವರೇನು ಕೆಟ್ಟ ಮನಷ್ಯಾ ಅಲ್ಲ. ಅಂಜುಬುರಕ. ಮ್ಯಾಲಿನವರು ಕೆಮ್ಮಿದರ ಇವರಿಗೆ ಜ್ವರ ಬರೋದು. 'ಟೀಚರಬಾಯಿ, ನಿಮ್ಮ ಅಕ್ಷರ ಮುತ್ತಿನಂಗ ಅವ. ನೀವೇ ಬರೀರಿ,' ಅಂದರು. 'ಒಂದು ಮಾತು. ಈ ತಾಂಡಾದ ಹೆಸರು ಇಲ್ಲಿ ನಡಿಯಂಗಿಲ್ಲ. ತಪಾಸಣಿಗೆ ಬಂದವರು ನಗತಾರ. ನೋಡಿ ಚೊಲೋ ಹೆಸರು ಕೊಡ್ರಿ.'

ಖುಷಿಲೇ ಒಪ್ಪಿಕೊಂಡೆ. ಇದನ್ನ ಮುಚ್ಚಿಟ್ಟು ಏನು ಮಾಡಲಿ? ಬೇವಿನಗಿಡದ ನೆರಳಾಗ ಮೂವತ್ತೊಂದು ಮಕ್ಕಳು ಸಾಲಾಗಿ ನಿಂತಿದ್ದವು. ಒಂದೊಂದೂ ಬಂದು ತನ್ನ ಹೆಸರು ಹೇಳೋದು, ನಾ ಅದನ್ನ ಬಿಟ್ಟು ಬ್ಯಾರೆ ಒಂದು ಬರಿಯೋದು. ನನ್ನ ಗೆಳತ್ಯಾರ ಹೆಸರು, ಚಿಗವ್ವನ ಮಕ್ಕಳ ಹೆಸರು, ಗ್ವಾಡಿ ಮ್ಯಾಲಿನ ಕ್ಯಾಲೆಂಡರಿನ ದೇವರ ಹೆಸರು. ಯಾರಿಗೂ ಕೇಳಲಿಲ್ಲ. ನಾಯಿಮರಿಗೆ ಹೆಸರು ಇಡೋ ಮುಂದಾದರೂ ಮನ್ಯಾಗ ನಾಕು ಮಂದಿನ್ನ ಕೇಳತೀವಿ.

ಸಾಲಿನ ಕೊನಿಗೆ ಒಂದು ಹುಡುಗಿ ನಿಂತಿದ್ದಳು. ಆರೇಳು ವರ್ಷದಾಕಿ, ಕಿವಿಗೆ ಬೆಳ್ಳಿ ಮುರು, ಕನ್ನಡಿ ಚೂರು ಹೊಲಿದ ಕುಪ್ಪಸ. ಅವರಲ್ಲಿ ಹುಟ್ಟಿದ ವಾರದ ಮ್ಯಾಲ ಹೆಸರು ಇಡೋದುಂಟು, ಆಕಿದೂ ಹಂಗೇ ಇಟ್ಟದ್ದು. ಎದಿ ಉಬ್ಬಿಸಿ, ಕಣ್ಣಾಗ ಕಣ್ಣಿಟ್ಟು ಹೇಳಿದಳು. ಅಷ್ಟೊತ್ತಿಗೆ ನನ್ನ ಹೆಸರಿನ ಗಂಟು ಖಾಲಿ ಆಗಿತ್ತು. ಆಗ ನನಗ ಲಗ್ನ ಆಗಿರಲಿಲ್ಲ, ಆದರ ಮುಂದ ಮಗಳು ಹುಟ್ಟಿದರ ಇಡಬೇಕಂತ ಒಂದು ಹೆಸರು ಮನಸ್ಸಿನ್ಯಾಗ ಎತ್ತಿಟ್ಟಿದ್ದೆ. ಅದನ್ನೇ ಆಕಿಗೆ ಬರದೆ. ಭಾರಿ ದಾನ ಮಾಡಿದಂಗ ಅನಿಸಿತು ನನಗ. ಆ ಹೆಸರು ನಾ ಇಲ್ಲಿ ಬರಿಯಂಗಿಲ್ಲ. ಆಕಿ ಖರೆ ಹೆಸರೂ ಬರಿಯಂಗಿಲ್ಲ. ಒಮ್ಮೆ ಬರಿಯೋ ಹೊತ್ತಿನ್ಯಾಗ ಬರೀಲಿಲ್ಲ, ಈಗ ಅದನ್ನ ಪುಸ್ತಕದಾಗ ಹಾಕೋ ಹಕ್ಕು ನನಗಿಲ್ಲ.

ನನ್ನ ಅಪ್ಪಂದು ಬಸವಕಲ್ಯಾಣದ ಬಜಾರದಾಗ ಭಾಂಡೆ ಅಂಗಡಿ. ಅಲ್ಲಿ ಸ್ಟೀಲಿನ ಸಾಮಾನಿನ ಮ್ಯಾಲ ಹೆಸರು ಕೊರಿಯೋ ಸಣ್ಣ ಮಶೀನ್ ಇತ್ತು. ಲಗ್ನದಾಗ ಆಹೇರಿ ಕೊಡೋ ಚರಗಿ-ತಾಟಿನ ಮ್ಯಾಲ ಚುಕ್ಕಿ ಚುಕ್ಕಿ ಅಕ್ಷರ ಇರತಾವಲ್ಲ, ಅದೇ. ನಾ ಅಪ್ಪನ ಕಾಡಿ ಮೂವತ್ತೊಂದು ತಾಟು ತಂದೆ. ಒಂದೊಂದರ ಮ್ಯಾಲೂ ನಾ ಇಟ್ಟ ಹೆಸರು ಕೊರಿಸಿದೆ. ದಿನಾ ಮುಂಜಾನಿ ಲಿಂಗಪೂಜಿ ಮಾಡಿಕೊಂಡು, ಎಲ್ಲಾರೂ ಒಂದೇ ಅಂತ ಹೇಳೋ ಮನಿ ನಮ್ಮದು. ಅಪ್ಪ ಹಿಗ್ಗಿದ. 'ಇದು ಕಾಯಕ ನೋಡವ್ವಾ,' ಅಂದ. ಮಕ್ಕಳು ತಮ್ಮ ತಮ್ಮ ತಾಟು ಗುರುತು ಹಿಡಿಯಾಕ ಹದಿನೈದು ದಿನ ಹಿಡೀತು. ಓದಾಕ ಬರತಿರಲಿಲ್ಲಲ್ಲ, ಅದಕ್ಕ ತಾಟಿನ ಅಂಚಿಗೆ ಕಲ್ಲಿಲೇ ಗೀರು ಹಾಕಿಕೊಂಡಿದ್ದವು.

ಹಳೇ ಹೆಸರಿಲೆ ಕರದವರಿಗೆ ಶಿಕ್ಷೆ ಇತ್ತು. ಉಳಿದವರದು ಊಟ ಆಗೋತನಕ ತಾಟು ಹಿಡಕೊಂಡು ನಿಲ್ಲಬೇಕು. ಆ ನಿಯಮ ಹೆಡ್‌ಮಾಸ್ತರರು ಮಾಡಿದ್ದಲ್ಲ, ನಾ ಮಾಡಿದ್ದು. ಕೊನಿಗೆ ನಿಂತಿದ್ದ ಆ ಹುಡುಗಿ ಎಲ್ಲಾರಕಿಂತ ಹೆಚ್ಚು ಸಲ ನಿಂತಾಳ. ನಾ ಇಟ್ಟ ಹೆಸರಿಲೆ ಕರದರ ತಿರುಗಿ ನೋಡತಿರಲಿಲ್ಲ. ಸೊಕ್ಕು ಅಂದುಕೊಂಡು ಕಿವಿ ಹಿಂಡತಿದ್ದೆ. ಅಡಿಗಿ ಮಾಡೋ ಅವ್ವ ಮಾತ್ರ ಒಲಿ ಮುಂದ ಆಕಿನ್ನ ಮನಿ ಹೆಸರಿಲೆ ಕರದು, ಕಟಕ ರೊಟ್ಟಿ ಕೈಯಾಗ ಇಡತಿದ್ದಳು. ಅದು ನನಗ ಗೊತ್ತಿತ್ತು. ಒಂದು ಸಲ ಅಡಿಗಿ ಅವ್ವಗೂ ಬೈದೆ. 'ನಿಮ್ಮ ಪುಸ್ತಕದಾಗ ನೀವು ಏನರ ಬರಕೋರಿ, ನನ್ನ ಒಲಿ ಮುಂದ ಬರಬ್ಯಾಡ್ರಿ,' ಅಂದಳು. ಓದು ಬರದಾಕಿ ಏನು ತಿಳದಾಳ ಅಂತ ಹೊಳ್ಳಿ ಬಂದೆ.

ಮೂರು ವರ್ಷ ಹಿಂಗೇ ಹೋದವು. ಹುಡುಗಿ ಓದಿನ್ಯಾಗ ಚುರುಕಾದಳು. ಮಗ್ಗಿ ಹೇಳೋದ್ರಾಗ ಆಕಿನೇ ಮುಂದು. ನಾ ಇಟ್ಟ ಹೆಸರಿಗೂ ಕಡಿಕೂ 'ಹಾಂ' ಅನ್ನಾಕ ಕಲಿತಳು. ಗೆದ್ದೆ ಅಂದುಕೊಂಡೆ.

ಮೂರನೇ ವರ್ಷ ಹೋಳಿಗೆ ಇನ್ನೂ ಹದಿನೈದು ದಿನ ಇದ್ದಾಗ ಬೋರಿನ ನೀರು ಬತ್ತಿತು. ಯಾವುದೋ ಹಾಳು ಬಾವಿದು ಟ್ಯಾಂಕರಿನ್ಯಾಗ ನೀರು ತರಿಸಿದರು. ಎರಡು ದಿನಕ್ಕ ಮಕ್ಕಳಿಗೆ ವಾಂತಿ-ಭೇದಿ ಶುರುವಾತು. ಎಲ್ಲಾರಕಿಂತ ಮೊದಲ ಬಂದು ಹೇಳಿದಾಕಿ ಇದೇ ಹುಡುಗಿ. ಮುಂಜಾನಿ ಪ್ರಾರ್ಥನಾ ಹೊತ್ತಿನ್ಯಾಗ ಬಂದು, ಹೊಟ್ಟಿ ಹಿಡಕೊಂಡು, ತಮ್ಮ ಮಾತಿನ್ಯಾಗ ಏನೋ ಅಂದಳು. ನನಗ ತಿಳಿಯಲಿಲ್ಲ ಅಂತ ಸುಳ್ಳು ಯಾಕ ಹೇಳಲಿ? ಹೊಟ್ಟಿ ಹಿಡಕೊಂಡು ಬಗ್ಗಿ ನಿಂತ ಕೂಸು ಏನು ಹೇಳತದ ಅಂತ ಕಲ್ಲಿಗೂ ತಿಳೀತದ. 'ಕನ್ನಡದಾಗ ಹೇಳು,' ಅಂದೆ. ಆಕಿ ಹೇಳಲಿಲ್ಲ. ಹೋಗಿ ಸಾಲಿನ್ಯಾಗ ನಿಂತಳು.

ಮರುದಿನ ಎರಡು ಮಕ್ಕಳು ತೀರಿಕೊಂಡವು. ಅವರ ತಾಯಿ-ತಂದಿ ಆ ವರ್ಷ ಕಬ್ಬಿಗೆ ಹೋಗಿರಲಿಲ್ಲ, ಸಮೀಪದಾಗೇ ಇಟ್ಟಂಗಿ ಭಟ್ಟಿಗೆ ಇದ್ದರು. ಬಂದು ಎದಿಗೆ ಅವಚಿಕೊಂಡು ಹೊತ್ತುಕೊಂಡು ಹೋದರು. ಮೂರನೇ ದಿನ ಹೆಡ್‌ಮಾಸ್ತರರು ಜೀಪು ತರಿಸಿ, ಹುಡುಗಿನ್ನ ಹುಮನಾಬಾದ ದವಾಖಾನಿಗೆ ಹೊಂಟರು. ನನ್ನ ತೊಡಿ ಮ್ಯಾಲ ಆಕಿ ತಲಿ ಇತ್ತು. ಅಡಿಗಿ ಅವ್ವ ನೀರು ಕುಡಸಾಕ ಅಂತ ಆಕಿ ತಾಟು, ಒಂದು ವಾಟಿ ಕೊಟ್ಟು ಕಳಿಸಿದ್ದಳು. ಹುಡುಗಿ ಕಣ್ಣು ಮ್ಯಾಲಾಗಾಕತ್ತಿದ್ದವು. ನಾ ಕರದೆ. ನಾ ಇಟ್ಟ ಹೆಸರಿಲೆ ಕರದೆ, ಮತ್ತ ಮತ್ತ ಕರದೆ. ಆಕಿ ಕಣ್ಣು ತೆಗೀಲಿಲ್ಲ. ಇನ್ನೊಂದು ಹೆಸರು ನನಗ ಗೊತ್ತಿತ್ತು, ನಾಲಿಗಿ ತುದಿಗೇ ಇತ್ತು. ಹೆಡ್‌ಮಾಸ್ತರರು ಮುಂದ ಕುಂತಿದ್ದರು. ಅವರ ಮುಂದ ನಾನೇ ಮಾಡಿದ ನಿಯಮ ಮುರಿಯಾಕ ನನಗ ನಾಚಿಕಿ ಆತು. ಹುಮನಾಬಾದ ಇನ್ನೂ ಎರಡು ಮೈಲಿ ಇತ್ತು. ಅಲ್ಲೇ ಆಕಿ ಉಸರು ನಿಂತಿತು.

ಜೀಪು ದವಾಖಾನಿಗೆ ಹೋಗಲಿಲ್ಲ. ಹೆಡ್‌ಮಾಸ್ತರರು ಹಳ್ಳದ ಕಡೆ ತಿರುಗಿಸು ಅಂತ ಡ್ರೈವರಗ ಹೇಳಿದರು. 'ಮೂರನೇದಂದರ ಶಾಲಿ ಮುಚ್ಚಸ್ತಾರ. ಉಳದ ಮಕ್ಕಳ ಗತಿ ಏನು, ಹೇಳ್ರಿ ನೀವೇ,' ಅಂದರು.  ಒಬ್ಬ ರೈತನ ಹೊಲದ ಬದುವಿಗೆ, ಹಳ್ಳದ ದಂಡಿ ಮ್ಯಾಲ, ಜಾಲಿಗಿಡದ ಕೆಳಗ ಮಧ್ಯಾಹ್ನದ ಬಿಸಿಲಿನ್ಯಾಗ ಅವರೂ ಡ್ರೈವರನೂ ಕೂಡಿ ತಗ್ಗು ತೋಡಿದರು. ಹೂವಿಲ್ಲ, ನೀರಿಲ್ಲ. ಆಕಿ ಮುಖದ ಮ್ಯಾಲ ನನ್ನ ಸೆರಗಿನ ತುದಿ ಹರದು ಮುಚ್ಚಿದೆ. ನಾ ಮಾಡಿದ್ದು ಅಷ್ಟೇ.

ಅಲ್ಲಿಂದ ಸೀದಾ ನನ್ನ ಆಕಿ ತಾಂಡಾಕ್ಕ ಕಳಿಸಿದರು, ಸುದ್ದಿ ಮುಟ್ಟಿಸಾಕ. ಅವರಿಗೂ ಒಳಗ ಒಂದೀಟು ದೇವರ ಅಂಜಿಕಿ ಇತ್ತು ಅಂತ ಕಾಣತದ. ತಾಂಡಾದಾಗ ಮುದುಕರು, ಆಡು, ಕೋಳಿ ಬಿಟ್ಟರ ಯಾರೂ ಇರಲಿಲ್ಲ. ಹೊರಸಿನ ಮ್ಯಾಲ ಕುಂತಿದ್ದ ಒಬ್ಬ ಮುತ್ಯಾಗ ನಾ ಹುಡುಗಿ ಹೆಸರು ಹೇಳಿದೆ. ಪುಸ್ತಕದಾಗಿನ ಹೆಸರು. ಮುತ್ಯಾ ಕಣ್ಣು ಕಿರಿದು ಮಾಡಿ ಯೋಚಿಸಿದ. 'ಆ ಹೆಸರಿನಾಕಿ ನಮ್ಮ ತಾಂಡಾದಾಗ ಯಾರೂ ಇಲ್ಲ, ಬಾಯಿ. ಬ್ಯಾರೆ ತಾಂಡಾದ್ದಿರಬೇಕು. ಬಿಸಿಲಾಗ ಬಂದೀರಿ, ನೀರು ಕುಡೀರಿ.'

ನಾ ನೀರು ಕುಡದೆ. ಇನ್ನೊಂದು ಹೆಸರು ಹೇಳಿದ್ದರ ಆ ಮುತ್ಯಾ ಆ ಹೊರಸಿನ ಮ್ಯಾಲೇ ಎದಿ ಬಡಕೊತಿದ್ದ. ಹೇಳಲಿಲ್ಲ. ಜೀವಕ್ಕ ಹಗುರ ಅನಿಸಿತು ನೋಡ್ರಿ, ಖರೇನೇ ಹಗುರ ಅನಿಸಿತು. ತಿರುಗಿ ಬಂದು, 'ಅಲ್ಲಿ ಯಾರೂ ಇಲ್ರಿ ಸರ್,' ಅಂದೆ. ಅವರು ಹಾಜರಿ ಪುಸ್ತಕ ನನ್ನ ಮುಂದ ಸರಿಸಿದರು. ಮುತ್ತಿನಂಥ ಅಕ್ಷರದಾಗ ಬರದೆ: 'ಬಹುದಿನ ಗೈರು. ಹೆಸರು ತೆಗೆಯಲಾಗಿದೆ.' ಉಳಿದ ಮಕ್ಕಳಿಗೆ, ಆಕಿಗೆ ಆರಾಮ ಆತು, ಸೋದರತ್ತಿ ಬಂದು ಕರಕೊಂಡು ಹೋದಳು ಅಂತ ಹೇಳಿದಿವಿ. ಮಕ್ಕಳು ನಂಬಿದವು. ಟೀಚರ್ ಹೇಳಿದ ಮ್ಯಾಲ ನಂಬಬೇಕಲ್ಲ.

ಹೋಳಿ ಮುಂದ ತಾಯಿ ಬಂದಳು. ಮೊಣಕೈತನಕ ಬಿಳಿ ಬಳಿ, ಕಬ್ಬಿನ ಗರಿ ಗೀರಿದ ಮುಂಗೈ, ಬಗಲಾಗ ಮಗಳಿಗೆ ಅಂತ ತಂದ ಹೊಸಾ ಪರಕಾರ-ಲಂಗದ ಗಂಟು. ಮಗಳ ಹೆಸರು ಹಿಡಿದು ಕರೀತಾನೇ ಅಂಗಳಕ್ಕ ಬಂದಳು. ಹೆಡ್‌ಮಾಸ್ತರರು ಪುಸ್ತಕ ತೆರೆದು ಬೆರಳಿಟ್ಟು ಓದಿ ತೋರಿಸಿ, ಸೋದರತ್ತಿ ಬಂದು ಕರಕೊಂಡು ಹೋದಳು ಅಂದರು. ಆಕಿ ಆ ಸಾಲು ನೋಡಿದಳು, ಆಮ್ಯಾಲ ನನ್ನ ಕಡೆ ತಿರುಗಿದಳು.

'ನೀವು ಹೇಳ್ರಿ ಬಾಯಿ. ಇದು ಖರೇ ಏನ್ರಿ?'

'ಬರದದ್ದು ಖರೇ ಇರತದ,' ಅಂದೆ.

'ಹಂಗಾರ ಜೀವಂತ ಅದಾಳ,' ಅಂದಳು. ಯಾವ ಸೋದರತ್ತಿ, ಯಾವ ಊರು ಅಂತ ಒಂದಿಷ್ಟು ಕೇಳಿದಳು, ನಾ 'ಗೊತ್ತಿಲ್ಲ, ಗೊತ್ತಿಲ್ಲ' ಅಂದೆ. ಅಡಿಗಿ ಅವ್ವ ಹಿಂದಿನ ವಾರವೇ ಕೆಲಸ ಬಿಟ್ಟು ತನ್ನೂರಿಗೆ ಹೋಗಿದ್ದಳು. ಆ ದಿನ ಆಕಿ ಅಲ್ಲಿದ್ದಿದ್ದರ ನನ್ನ ಬಾಯಿಂದ ಆ ಮಾತು ಬರತಿರಲಿಲ್ಲ ಅಂತ ಈಗಲೂ ಅನಿಸ್ತದ. ಹಂಗಂತ ಆಕಿ ಮ್ಯಾಲ ಹಾಕೋದೂ ತಪ್ಪೇ.

ಎರಡು ವರ್ಷಕ್ಕ ನನಗ ಲಗ್ನ ಆತು. ಬಸವಕಲ್ಯಾಣದಾಗೇ ಬ್ಯಾರೆ ಶಾಲಿಯಾಗ ನೌಕರಿ ಸಿಕ್ಕಿತು. ಆ ತಾಯಿನ್ನ ಹುಮನಾಬಾದ ಬಸ್ ಸ್ಟ್ಯಾಂಡಿನ್ಯಾಗ ನಾ ಎಷ್ಟು ಸಲ ನೋಡೀನಿ ಅಂತ ಲೆಕ್ಕ ಇಟ್ಟಿಲ್ಲ. ಹೈದರಾಬಾದ ಬಸ್ಸು ಬಂದರ ಆ ಕಡೆ ಓಡತಿದ್ದಳು, ಸೊಲ್ಲಾಪುರ ಬಸ್ಸು ಬಂದರ ಈ ಕಡೆ. ಇಳಿಯೋ ಹುಡುಗ್ಯಾರ ಮಾರಿ ಒಂದೊಂದೇ ನೋಡತಿದ್ದಳು. ವರ್ಷ ಹೋದಂಗ ಆಕಿ ನೋಡೋ ಹುಡುಗ್ಯಾರ ವಯಸ್ಸೂ ಬೆಳೀತು. ಮೊದಲ ಸಣ್ಣ ಹುಡುಗ್ಯಾರ ಮಾರಿ, ಆಮ್ಯಾಲ ಲಂಗಾ-ದಾವಣಿಯವರ ಮಾರಿ, ಆಮ್ಯಾಲ ಕೂಸು ಎತ್ತಿಕೊಂಡವರ ಮಾರಿ. ನಾ ಕಿಟಕಿ ಕಡೆ ಕುಂತಿದ್ದರ ಚಪ್ಪಲಿ ಹುಡುಕೋರಂಗ ಬಗ್ಗತಿದ್ದೆ.

ನನಗೂ ಮಗಳು ಹುಟ್ಟಿದಳು. ತೊಟ್ಟಿಲಕ್ಕ ಹಾಕೋ ದಿನ ನೆರೆದವರು 'ಏನು ಹೆಸರು ಅಂದುಕೊಂಡೀಯವ್ವಾ' ಅಂದರು. 'ಅತ್ತಿ ಹೇಳಿದ್ದೇ ಇಡೋಣ,' ಅಂದೆ. ಎಂಥಾ ಸಂಭಾವಿತ ಸೊಸಿ ಅಂತ ಅತ್ತಿ ಓಣಿ ತುಂಬ ಹೊಗಳಿದಳು. ಆ ತಾಟು ನನ್ನ ಹತ್ತಿರನೇ ಉಳದಿತ್ತು. ಜೀಪಿನ್ಯಾಗಿಂದ ಇಳಿಯೋ ಮುಂದ ಸೆರಗಿನ್ಯಾಗ ಮುಚ್ಚಿಕೊಂಡು ತಂದಿದ್ದೆ, ಯಾಕ ತಂದೆ ಅಂತ ನನಗೇ ತಿಳಿಯದು. ಮಾಳಿಗಿ ಕಪಾಟಿನ ಮ್ಯಾಲ, ಹಳೇ ಪತ್ರಿಕಿ ಕೆಳಗ ಇಟ್ಟಿದ್ದೆ. ಒಂದು ಮಧ್ಯಾಹ್ನ ಶಾಲಿಯಿಂದ ಬಂದು ನೋಡತೀನಿ, ಅತ್ತಿ ಅದನ್ನ ತೊಳದು, ನನ್ನ ಮಗಳಿಗೆ ಅದರಾಗ ಸಜ್ಜಕ ಹಾಕಿ ಕೊಟ್ಟಾಳ. ಕಸಗೊಂಡೆ. ಸಜ್ಜಕ ನೆಲಕ್ಕ ಬಿತ್ತು. ಕೂಸು ಅಳಾಕತ್ತಿತು, ಅತ್ತಿ ಬಾಯಿ ತೆರಕೊಂಡು ನಿಂತಳು. 'ಇದು ನಮ್ಮದಲ್ಲ,' ಅಂದೆ. ಮತ್ತ ಯಾರದು ಅಂತ ಅತ್ತಿ ಕೇಳಿದಳು. ನಾ ತಾಟು ತೊಳದು ಮತ್ತ ಪತ್ರಿಕಿ ಕೆಳಗ ಇಟ್ಟೆ.

ಹುಡುಗಿ ಹೋಗಿ ಹನ್ನೊಂದು ವರ್ಷ ಆದ ಮ್ಯಾಲ, ದೀವಳಿಗಿಗೆ ಹತ್ತು ದಿನ ಇದ್ದಾಗ, ನಮ್ಮ ಮನಿ ಬಾಗಿಲಿಗೆ ಒಬ್ಬಾಕಿ ಬಂದಳು. ಮುಡಬಿ ಕಡೆ ಅಂಗನವಾಡಿ ಕಾರ್ಯಕರ್ತಿ. ಗುರುತು ಸಿಗಲಿಲ್ಲ. ಆಕಿ ತನ್ನ ಹೆಸರು ಹೇಳಿದಳು, ಅದು ನನ್ನ ಚಿಗವ್ವನ ಮಗಳ ಹೆಸರು. ಬೇವಿನಗಿಡದ ಕೆಳಗ ನಾ ಕೊಟ್ಟಿದ್ದು. ಆ ಮೂವತ್ತೊಂದರಾಗ ಒಬ್ಬಾಕಿ.

ಚಹಾ ಮಾಡಿದೆ. ಆಕಿ ಕುಡೀಲಿಲ್ಲ. ಚೀಲದಿಂದ ಒಂದು ಕಾಗದ ತಗದು ನನ್ನ ಮುಂದ ಇಟ್ಟಳು. ಹಾಜರಿ ಪುಸ್ತಕದ ಆ ಹಾಳಿದು ಝೆರಾಕ್ಸು.

'ನಿಮ್ಮ ಅಕ್ಷರ ನನಗ ಗುರುತದ, ಟೀಚರಬಾಯಿ. ಇದನ್ನ ನೋಡೇ ನಾ ಬರಿಯಾಕ ಕಲತೀನಿ,' ಅಂದಳು. 'ನಿಮ್ಮ ಜೋಡಿ ಜಗಳಕ್ಕ ಬಂದಿಲ್ಲ. ಒಂದೇ ಮಾತು ಕೇಳಿ ಹೋಗತೀನಿ.'

ಆಮ್ಯಾಲ ಆಕಿ ತಮ್ಮ ತಾಂಡಾದ ಒಂದು ಪದ್ಧತಿ ಹೇಳಿದಳು. ದೀವಳಿಗಿ ಮುಂಜಾನಿ ಅವರು ಕೆಂಡದ ಮುಂದ ಕುಂತು, ಅನ್ನ, ಬೆಲ್ಲ, ತುಪ್ಪ ಕಲಸಿ, ಸತ್ತವರ ಹೆಸರು ಒಂದೊಂದೇ ಕರೆದು ಒಂದೊಂದು ತುತ್ತು ಕೆಂಡಕ್ಕ ಹಾಕತಾರ. ಅದಕ್ಕ ಧಬುಕಾರ ಅಂತಾರ. ಹೆಸರು ಕರದರ ಸತ್ತವರು ಬಂದು ಉಂಡು ಹೋಗತಾರ. ಕರೀದಿದ್ದರ ಹಸಗೊಂಡು ಇರತಾರ. ಕೆಲವು ಕಡೆ ಸಣ್ಣ ಮಕ್ಕಳ ಹೆಸರು ಕರಿಯೋದಿಲ್ಲ, ಇವರ ತಾಂಡಾದಾಗ ಕರೀತಾರ. ಆ ವರ್ಷ ತೀರಿಕೊಂಡ ಇನ್ನೆರಡು ಮಕ್ಕಳ ಹೆಸರು ಪ್ರತಿ ದೀವಳಿಗಿಗೆ ಕರೀತಾರ.

'ಆಕಿದು ಮಾತ್ರ ಕರಿಯಂಗಿಲ್ರಿ,' ಅಂದಳು. 'ಪ್ರತಿ ವರ್ಷ ಆಕಿ ತಾಯಿ ತುತ್ತು ಕೈಯಾಗ ಹಿಡೀತಾಳ. ಮತ್ತ ಕೆಳಗ ಇಡತಾಳ. ಬದುಕಿದಾಕಿ ಹೆಸರು ಬೆಂಕಿಗೆ ಹ್ಯಾಂಗ ಹಾಕಲಿ, ಹಾಕಿದರ ನಾನೇ ಆಕಿನ್ನ ಕೊಂದಂಗ, ಅಂತಾಳ. ನೀವು ಬರದದ್ದು ನಂಬ್ಯಾಳ್ರಿ ಆಕಿ. ಈಗ ಆಕಿಗೆ ಮೈಯಾಗ ಹುಷಾರಿಲ್ಲ. ಕಬ್ಬಿಗೂ ಹೋಗಂಗಿಲ್ಲ. ಈ ದೀವಳಿಗಿಗೆ ಕರೀಬೇಕೋ ಬ್ಯಾಡೋ, ಅಷ್ಟು ಹೇಳ್ರಿ.'

 ನಾ ಬರದ ಒಂದು ಸಾಲಿಗೆ ಆ ಹೆಂಗಸು ಹನ್ನೊಂದು ವರ್ಷ ಅಳೋದು ಸುದ್ದಾ ಬಿಟ್ಟಿದ್ದಳು. ಮಣ್ಣಿನ ಕೆಳಗ ಕೂಸು, ಅವರ ಲೆಕ್ಕದಾಗ, ಹನ್ನೊಂದು ವರ್ಷ ಹಸಗೊಂಡಿತ್ತು. 'ಕರೀಬೇಕು,' ಅಂದೆ. ಆಮ್ಯಾಲ ಎಲ್ಲಾ ಹೇಳಿದೆ, ಜೀಪು, ಜಾಲಿಗಿಡ, ಮುತ್ಯಾ ಕೊಟ್ಟ ನೀರು. ಆಕಿ ಅಳಲಿಲ್ಲ. ಕಾಗದ ಮಡಚಿ ಚೀಲದಾಗ ಹಾಕಿಕೊಂಡು ಎದ್ದಳು.

'ನನ್ನ ಮುಂದ ಹೇಳಿದರ ಆಗಲಿಲ್ಲ. ಆಕಿ ಮುಂದ ಹೇಳ್ರಿ.'

ಮನ್ಯಾಗ ರಾಮಾಯಣ ಆತು. 'ನೌಕರಿ ಹೋಗತದ, ಮಗಳ ಭವಿಷ್ಯ ನೋಡು. ಹೆಡ್‌ಮಾಸ್ತರರು ಸತ್ತು ಯಾವ ಕಾಲ ಆತು, ಈಗ ಹೂತದ್ದು ಯಾಕ ಕೆದರತಿ?' ಅಂದರು ನನ್ನ ಗಂಡ. 'ಹೂತದ್ದೇನು ಕಸಾ ಅಲ್ಲ,' ಅಂದೆ. ಅಂಥಾ ಧೈರ್ಯ ಹನ್ನೊಂದು ವರ್ಷ ಮೊದಲ ಬರಬೇಕಾಗಿತ್ತು. ಪೊಲೀಸರಿಗೆ ಎಲ್ಲಾ ಬರದು ಕೊಟ್ಟೆ, ಸಹಿ ಮಾಡಿದೆ. ಮುಂದ ವಿಚಾರಣೆ ನಡೀತು, ಶಿಕ್ಷೆಯೂ ಆತು, ಆಗಬೇಕಾದ್ದಕ್ಕಿಂತ ಕಡಿಮಿನೇ ಆತು. ಅದನ್ನ ಇಲ್ಲಿ ಬೆಳಸಂಗಿಲ್ಲ.

ದೀವಳಿಗಿಗೆ ಮೊದಲೇ ತಾಂಡಾಕ್ಕ ಹೋದೆ. ಗುಡಿ ಕಟ್ಟಿ ಮುಂದ ಎಲ್ಲಾರೂ ಕುಂತಿದ್ದರು. ಹೊರಸಿನ ಮುತ್ಯಾ ಇರಲಿಲ್ಲ, ಸತ್ತಿದ್ದ. ನಾ ನಿಂತೇ ಹೇಳಿದೆ. ಯಾರೂ ಬೈಲಿಲ್ಲ. ಬೈದಿದ್ದರ ಚೊಲೋ ಇತ್ತು. ತಾಯಿ ನೆಲ ನೋಡಿಕೊಂಡು ಕೇಳಿದಳು, ಎಲ್ಲಾ ಮುಗಿದ ಮ್ಯಾಲ ತಲಿ ಎತ್ತಿದಳು. 'ರೀ' ಅನ್ನೋದು ಬಿಟ್ಟಿದ್ದಳು.

'ಸಾಯೋ ಮುಂದ ಏನಂದಳು?'

'ಏನೂ ಅನ್ನಲಿಲ್ಲ.'

'ನೀ ಏನಂದಿ?'

ನಾ ಇಟ್ಟ ಹೆಸರಿಲೆ ಕರದೆ ಅಂತ ಹೇಳಿದೆ. ಆಕಿ 'ಜಾಗಾ ತೋರಸು,' ಅಂತ ಎದ್ದಳು.

ಹೋಗಿ ನೋಡಿದರ ಜಾಲಿಗಿಡ ಇಲ್ಲ. ಹಳ್ಳದ ದಂಡಿ ಕೊಚ್ಚಿ ಹೋಗ್ಯದ. ಬದುವು ಎಲ್ಲಿತ್ತು, ಹೊಲ ಎಲ್ಲಿಂದ ಶುರುವಾಗತಿತ್ತು, ಏನೂ ತಿಳಿವಲ್ದು. ತೊಗರಿ ಸೊಂಟದಮಟ ನಿಂತಿತ್ತು. ಇಡೀ ತಾಂಡಾ ನನ್ನ ಮಾರಿ ನೋಡಾಕತ್ತಿತ್ತು. 'ಇಲ್ಲೇ ಎಲ್ಲೋ,' ಅಂದೆ. ಆ ತಾಯಿಗೆ ಕೊಡಾಕ ನನ್ನ ಹತ್ತಿರ ಇದ್ದದ್ದು ಅದೊಂದು, ಅದೂ ಕೈ ತಪ್ಪಾಕತ್ತಿತ್ತು. ನನ್ನ ಮಾರಿ ಮ್ಯಾಲ ನಾನೇ ಉಗುಳಬೇಕು ಅನಿಸಿತು.

ಆಗ ಹೊಲದ ಮಾಲಕ ಬಂದ. ಪಟಗಾ ಸುತ್ತಿದ ವಯಸ್ಸಾದ ರೈತ, ಹಣಿಗೆ ವಿಭೂತಿ, ನಮ್ಮವರೇ. ಮಂದಿನ್ನೆಲ್ಲಾ ನೋಡಿದ, ಯಾಕ ಬಂದೀರಿ ಅಂತ ಕೇಳಲಿಲ್ಲ. ಸುಮ್ಮನ ತೊಗರಿ ಸರಿಸಿ ಮುಂದ ನಡದ. ಹೊಲದ ನಡುವ ಒಂದು ಹೊರಸಿನಷ್ಟು ಜಾಗಾ ಹುಲ್ಲು ಬೆಳದು ನಿಂತಿತ್ತು. ಸುತ್ತ ಬಿತ್ತಿಗಿ, ಅಲ್ಲಿ ಮಾತ್ರ ಇಲ್ಲ.

'ಗಿಡ ಬಿತ್ರಿ, ಬದುವೂ ಒಳಗ ಬಂತು,' ಅಂದ. 'ಇಷ್ಟು ಜಾಗಾದಾಗ ಮಾತ್ರ ನಾ ಗಳೆ ಹೊಡದಿಲ್ಲ. ಆ ದಿನ ಬಾವಿ ಕಟ್ಟಿ ಮ್ಯಾಲಿಂದ ನೋಡಿದ್ದೆ.'

'ಹೇಳಲಿಲ್ಲ ಯಾಕ?' ತಾಯಿ ಕೇಳಿದಳು.

'ನನ್ನ ಯಾರೂ ಕೇಳಲಿಲ್ಲವ್ವಾ,' ಅಂದ. ಹಂಗಂದು ತನಗೇ ನಾಚಿಕಿ ಆತೇನೋ, ಪಟಗಾ ತೆಗೆದು ಕೈಯಾಗ ಹಿಡಕೊಂಡ. ಪ್ರತಿ ವರ್ಷ ಎತ್ತು ತಿರುಗಿಸಿ ಸುತ್ತಿ ಹೋಗೋ ಅಷ್ಟು ಕರುಣಾ ಇದ್ದ ಮನಷ್ಯಾ, ಮೂರು ಮೈಲಿ ನಡದು ಒಂದು ಮಾತು ಹೇಳಲಿಲ್ಲ. ನನಗ ಅವನ ಮ್ಯಾಲ ಸಿಟ್ಟು ಬಂತು. ಆ ಸಿಟ್ಟು ಮಾಡಾಕ ನನಗ ಯಾವ ಬಾಯಿ ಅದ ಅಂತ ನುಂಗಿಕೊಂಡೆ.

ಆ ದೀವಳಿಗಿ ಮುಂಜಾನಿ ಧಬುಕಾರ ಮನಿ ಒಲಿ ಮುಂದ ಆಗಲಿಲ್ಲ, ಆ ಹುಲ್ಲಿನ ಜಾಗಾದಾಗ ಆತು. ಅದು ತಾಯಿ ಮಾಡಿದ ತೀರ್ಮಾನ. ರೈತ ತಾನೇ ಬಂದು ತೊಗರಿ ಕೊಯ್ದು ಕೂಡಾಕ ಜಾಗಾ ಮಾಡಿಕೊಟ್ಟ, ಅವನ ಹೆಂಡತಿ ತುಪ್ಪ ತಂದಳು. ನನ್ನ ಕೈಯಾಗ ಕಲಿತವರು ಎಂಟು-ಹತ್ತು ಮಂದಿ ಬಂದಿದ್ದರು. ಕೆಲವರ ಬಗಲಾಗ ಕೂಸು. ಕೆಲವರು ತಮ್ಮ ಹಳೇ ತಾಟು ತಂದಿದ್ದರು. ಒಬ್ಬೊಬ್ಬರೂ ಮುಂದ ಬಂದು ತಾಯಿ-ತಂದಿ ಇಟ್ಟ ಹೆಸರು ಜೋರಾಗಿ ಹೇಳಿ ಕುಂತರು. ನಾ ಅವನ್ನೆಲ್ಲಾ ಮೊದಲ ಒಮ್ಮೆ ಕೇಳಿದ್ದೆ, ಆ ಬೇವಿನಗಿಡದ ಕೆಳಗ. ಅಂಗನವಾಡಿಯಾಕಿ ಮಾತ್ರ ಎರಡೂ ಹೆಸರು ಹೇಳಿದಳು. 'ಇಷ್ಟು ವರ್ಷ ಇದರಾಗೇ ಬದುಕೀನಿ, ಇದೂ ನಂದೇ ಆಗ್ಯದ,' ಅಂದಳು, ನನ್ನ ಕಡೆ ನೋಡದೇ.

ಮೊದಲ ಹಿರಿಯರ ಹೆಸರು ಕರದರು, ಆಮ್ಯಾಲ ಆ ಇಬ್ಬರು ಮಕ್ಕಳದು. ತಾಯಿ ಸರತಿ ಬಂತು. ಆಕಿ ತುತ್ತು ಕೈಯಾಗ ಹಿಡಕೊಂಡು ಭಾಳ ಹೊತ್ತು ಕುಂತಳು. ತುಪ್ಪ ಬೆರಳ ಸಂದಿಯಿಂದ ಸೋರಾಕತ್ತಿತ್ತು. ಎಲ್ಲಿ ಮತ್ತ ಕೆಳಗ ಇಡತಾಳೋ ಅಂದುಕೊಂಡೆ. ಕಡಿಕೆ ಮಗಳ ಹೆಸರು ಕರದಳು, ಅಂಗಳದಾಗ ಆಡೋ ಮಕ್ಕಳನ್ನ ಊಟಕ್ಕ ಕರದಂಗ, ಅಷ್ಟೇ ಸಲೀಸಾಗಿ. ತುತ್ತು ಕೆಂಡಕ್ಕ ಬಿತ್ತು, ಚುರ್ ಅಂತು. ಆಗ ಆಕಿ ಅತ್ತಳು. ಹನ್ನೊಂದು ವರ್ಷದ ಅಳು ಅದು, ಕೇಳಾಕ ಆಗತಿರಲಿಲ್ಲ. ಇನ್ನಿಬ್ಬರು ತಾಯಂದಿರು ಎರಡೂ ಕಡೆ ಹಿಡಕೊಂಡು, ಅವರ ರೀತಿಯಾಗ ರಾಗ ಎಳೆದು ಅತ್ತರು.

ಅಳು ಇಳದ ಮ್ಯಾಲ ನಾ ಚೀಲದಿಂದ ತಾಟು ತಗದು ಆಕಿ ಮುಂದ ಇಟ್ಟೆ. 'ಆಕಿದು,' ಅಂದೆ. ಆಕಿ ಅದನ್ನ ಎತ್ತಿಕೊಂಡು ಅಂಚು ಸವರಿದಳು, ಮಗಳು ಕಲ್ಲಿಲೇ ಹಾಕಿದ ಗೀರಿನ ಮ್ಯಾಲ ಬೆರಳು ನಿಂತಿತು. ಆಮ್ಯಾಲ ಚುಕ್ಕಿ ಅಕ್ಷರ ತೋರಿಸಿ ಅಂಗನವಾಡಿಯಾಕಿಗೆ ಓದು ಅಂದಳು. ಆಕಿ ಓದಿದಳು.

'ಇದು ಯಾರ ಹೆಸರು?' ತಾಯಿ ನನ್ನ ಕೇಳಿದಳು.

ಅಲ್ಲಿ ಇನ್ನೊಂದು ಸುಳ್ಳಿಗೆ ಜಾಗಾ ಇರಲಿಲ್ಲ. 'ನನಗ ಮಗಳು ಹುಟ್ಟಿದರ ಅಂತ ಇಟ್ಟುಕೊಂಡದ್ದು,' ಅಂದೆ.

'ಹುಟ್ಟಿದಳೇನು?'

'ಹುಟ್ಟ್ಯಾಳ.'

ಆಕಿ ತಾಟು ತಿರುಗಿ ನನ್ನ ಮುಂದ ಸರಿಸಿದಳು. 'ಹಂಗಾರ ಮನಿಗೆ ಒಯ್ಯಿ. ನನ್ನ ಮಗಳು ಇದರಾಗ ಉಂಡಾಳ, ಆದರ ಇದು ಆಕಿದಲ್ಲ. ನಿನ್ನ ಮಗಳಿಗೆ ದಿನಾ ಇದರಾಗೇ ನೀಡು. ನೀಡೋ ಮುಂದ ಓದು.'

ನಾ 'ತಪ್ಪಾತು' ಅಂದೆ. ಕಾಲು ಮುಟ್ಟಾಕ ಹೋದೆ. ಆಕಿ ಕಾಲು ಹಿಂದಕ್ಕ ಎಳಕೊಂಡಳು.

'ಮಾಫಿ ನನ್ನ ಕಡೆ ಇಲ್ಲ,' ಅಂದಳು. ಅನ್ನ-ಬೆಲ್ಲದ ಒಂದು ತುತ್ತು ಕಟ್ಟಿ ನನ್ನ ಅಂಗೈಯಾಗ ಇಟ್ಟಳು. ಬಿಸಿ ಇತ್ತು. 'ಆಕಿ ಹೆಸರು ನಿನಗ ಗೊತ್ತದಲ್ಲ? ಕರಿ.'

  ಮೂರು ವರ್ಷ ಕಿವಿ ಹಿಂಡಿ ನಿಲ್ಲಿಸಿದ ಹೆಸರು, ಜೀಪಿನ್ಯಾಗ ನಾಲಿಗಿ ತುದಿಗೆ ಬಂದು ನಿಂತ ಹೆಸರು, ಮುತ್ಯಾನ ಮುಂದ ನೀರಿನ ಜೋಡಿ ನುಂಗಿದ ಹೆಸರು. ಕರದೆ. ನನ್ನ ದನಿ ನನಗೇ ಕೇಳಿಸಿತೋ ಇಲ್ಲೋ. ತುತ್ತು ಹಾಕಾಕ ಕೈ ಚಾಚಿದೆ. ತಾಯಿ ನನ್ನ ಮುಂಗೈ ಹಿಡದು ತಡದಳು.

'ಜೋರಾಗಿ ಕರಿ,' ಅಂದಳು. 'ನೀ ಕರದರ ಆಕಿ ಲಗೂ ತಿರುಗಿ ನೋಡಂಗಿಲ್ಲ.'

ನಾ ಮತ್ತೊಮ್ಮೆ ಕರದೆ.